ಕೈ ಎಲ್ಲಿಂದ ಶುರು

ಕಳೆದ ತಿಂಗಳು ಮೆಲ್ಬರ್ನ್ ನಗರದಂಚಿನ ಕ್ರೇಗಿಬರ್ನ್‌ನ ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದರು: "ನೋವಿರುವುದು ಹ್ಯಾಂಡಿಗೋ, ಆರ್ಮ್‌ಗೋ?" ನನಗೆ ನಗು ಬಂತು. ನೋವು ಹೇಳಿಕೊಳ್ಳಲು ಬಂದವರು ನಗುವುದು ಅಪರೂಪವಿರಬೇಕು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ನಾನು ಎಡಗೈಯಿಂದ ಬಲ ಭುಜವನ್ನು ಮುಟ್ಟಿ, "ಇಲ್ಲಿ" ಎಂದೆ. ಶಬ್ದವನ್ನು ನಂಬಿ ಕೂರಬಾರದು, ಮುಟ್ಟಿ ತೋರಿಸಬೇಕು ಎಂಬ ಪಾಠ ನನಗೆ ಸಿಕ್ಕಿದ್ದು ಟ್ರುಗನಿನಾದ ಪೊರ್ಬುಗಳಿಂದ. ಅವರು ತೀರಿಕೊಂಡು ವರ್ಷವಾಯಿತು. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲ ವಾಕ್ಯ ಸಿಗುತ್ತಿರಲಿಲ್ಲ. ಅದನ್ನು ಆ ಡಾಕ್ಟರು ಒದಗಿಸಿಕೊಟ್ಟರು.

ಪೊರ್ಬುಗಳು ಎಂಬುದು ಹೆಸರಲ್ಲ. ಮಂಗಳೂರಿನ ಕಡೆ ತುಳು ಮಾತಾಡುವ ನಾವು ಕ್ರಿಶ್ಚಿಯನ್ ಹಿರಿಯರನ್ನು ಹಾಗೆ ಕರೆಯುತ್ತೇವೆ. ಅವರ ಮನೆಯಾಕೆಯನ್ನು ಬಾಯಮ್ಮ ಎನ್ನುತ್ತೇವೆ. ಎಲ್ಲರೂ ಅಂಕಲ್, ಆಂಟಿ ಆಗಿಬಿಟ್ಟಿರುವ ಈ ದೇಶದಲ್ಲಿ ನಾನೊಬ್ಬ "ಪೊರ್ಬುಲೇ" ಎಂದು ಕೂಗುವುದು ಅವರಿಗೆ ಇಷ್ಟವಾಗಿತ್ತು. ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ ಬಂದವನೆಂದು ಅವರು ನನ್ನನ್ನು "ಪೇಪರಿನವರೇ" ಎನ್ನುತ್ತಿದ್ದರು. ನಿಜವಾದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹಾಕಿದರೆ ಸಿಡ್ನಿ, ಮೆಲ್ಬರ್ನ್ ಎರಡೂ ನಗರಗಳ ಮಂಗಳೂರಿನವರು ಫೋನ್ ಮಾಡಿ ತಮ್ಮ ತಮ್ಮ ಕಥೆಗಳನ್ನು ಸೇರಿಸುತ್ತಾರೆ. ಆಮೇಲೆ ನಡೆದದ್ದು ಯಾವುದು, ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುವುದು ನನ್ನಿಂದಾಗದು.

ಎರಡು ಸಾವಿರದ ದಶಕದ ಆರಂಭದಲ್ಲಿ ನಾವು ಸಿಡ್ನಿಯಲ್ಲಿದ್ದೆವು. ನನ್ನ ಹೆಂಡತಿಗೆ ನಾರ್ವೆಸ್ಟ್‌ನ ಕಚೇರಿಯೊಂದರಲ್ಲಿ ಕೆಲಸ. ಒಂದು ಸಂಜೆ ಅವಳು ಬಂದು, "ಈ ದೇಶದಲ್ಲಿ ಮೊದಲ ಸಲ ಒಬ್ಬರು ನನ್ನ ಹೆಸರು ಸರಿಯಾಗಿ ಹೇಳಿದ್ರು. ನಮ್ಮ ಮೇಲ್ ರೂಮಿನವರು" ಎಂದಳು. ಮೇಲ್ ರೂಮೆಂದರೆ ಆ ಕಟ್ಟಡಕ್ಕೆ ಬರುವ ಟಪಾಲು ವಿಂಗಡಿಸುವ ಕೋಣೆ. ಅದರ ಉಸ್ತುವಾರಿ ಪೊರ್ಬುಗಳದ್ದು. ಅದಕ್ಕೆ ಮೊದಲು ಬಹುಕಾಲ ಕುವೈತಿನಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಗಿಡ್ಡ ದೇಹ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಶರ್ಟಿನ ಕಿಸೆಯಲ್ಲಿ ಪೆನ್ನು, ಮೈಕು ಬೇಡದ ಕಂಠ. ಮಾತಾಡುವಾಗ ಎರಡು ಕೈಗಳೂ ಆಡುತ್ತಿದ್ದವು. ಮೀನು ಎಂದರೆ ಅದರ ಉದ್ದ ಗಾಳಿಯಲ್ಲಿ ಕಾಣಬೇಕು. ಕುವೈತ್ ಎಂದರೆ ಕೈ ಬಲಕ್ಕೆ ಚಾಚಬೇಕು. ನಾವು ಯಾವ ದಿಕ್ಕಿಗೆ ಮುಖ ಮಾಡಿ ಕೂತಿದ್ದರೂ ಕುವೈತ್ ಅವರ ಬಲಕ್ಕೇ ಇರುತ್ತಿತ್ತು.

"ಇವರ ಕೈ ಕಟ್ಟಿ ಹಾಕಿ ನೋಡಿ, ಮಾತು ತಾನಾಗಿ ನಿಲ್ತದೆ" ಎಂದು ಬಾಯಮ್ಮ ಹೇಳುತ್ತಿದ್ದರು. ಮುಂದೊಮ್ಮೆ ಆ ಪ್ರಯೋಗ ನಡೆದೂ ಹೋಯಿತು. ಅವರ ಊಹೆ ತಪ್ಪಾಗಿತ್ತು.

ಪೊರ್ಬುಗಳಿಗೆ ಎರಡು ವಿಷಯಗಳಲ್ಲಿ ಹೆಮ್ಮೆ. ಒಂದು ಇಂಗ್ಲಿಷ್. ಕುವೈತಿನಲ್ಲಿ ಅವರ ಮೇಲಧಿಕಾರಿಯಾಗಿದ್ದ ಬ್ರಿಟಿಷ್ ಸಾಹೇಬ ಕೂಡ ಕಾಗದ ಕಳಿಸುವ ಮೊದಲು ಇವರಿಗೆ ತೋರಿಸುತ್ತಿದ್ದನಂತೆ. ಇದು ಅವರೇ ಹೇಳಿದ್ದು, ಬೇರೆ ಆಧಾರವಿಲ್ಲ. ಆಸ್ಟ್ರೇಲಿಯಾದವರ ಇಂಗ್ಲಿಷಿನ ಬಗ್ಗೆ ಅವರಿಗೆ ಕನಿಕರವಿತ್ತು. "ಪಾಪ, ಅವರಿಗೆ ಗ್ರಾಮರ್ ಹೇಳಿಕೊಡುವವರು ಯಾರೂ ಇರ್ಲಿಲ್ಲ" ಎನ್ನುತ್ತಿದ್ದರು.

ಇನ್ನೊಂದು ಹೆಮ್ಮೆ ಟೋಸ್ಟ್. ಮಂಗಳೂರಿನ ಕ್ರಿಶ್ಚಿಯನ್ ಮದುವೆಗಳಲ್ಲಿ ಊಟಕ್ಕೆ ಮೊದಲು ಹಿರಿಯರೊಬ್ಬರು ಮುಂದೆ ಬಂದು, ಮದುಮಕ್ಕಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ನಡುವೆ ಒಂದೆರಡು ಕೀಟಲೆ ಸೇರಿಸಿ, ಕೊನೆಗೆ ವೈನಿನ ಗ್ಲಾಸ್ ಎತ್ತುತ್ತಾರೆ. ಇಡೀ ಸಭೆ ಅದರೊಂದಿಗೆ ಏಳುತ್ತದೆ. ಸಿಡ್ನಿಯಲ್ಲಿ ಈ ಕೆಲಸಕ್ಕೆ ಪೊರ್ಬುಗಳಿಗೆ ಸಾಟಿಯಿರಲಿಲ್ಲ. ಮದುವೆಯ ಹಾಲ್ ಬುಕ್ ಮಾಡುವ ಮೊದಲು ಅವರಿಗೆ ಬಿಡುವಿದೆಯೇ ಎಂದು ಕೇಳಿದವರನ್ನು ನಾನು ಬಲ್ಲೆ. ಅವರು ಟೋಸ್ಟ್ ಎತ್ತಿದ್ದನ್ನು ಮೊದಲ ಸಲ ನೋಡಿದ ದಿನ, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದೆ.

"ಅಂಥದ್ದೇನು ಅಂದ್ರೆ? ಕ್ರಮ ಉಂಟು ಪೇಪರಿನವರೇ. ಬಲಗೈ. ಮೊಣಕೈ ಕಿವಿಗಿಂತ ಮೇಲೆ ಹೋಗಬೇಕು. ಕಿವಿಗಿಂತ ಕೆಳಗಿದ್ರೆ ನೀವು ಕುಡೀತಾ ಇದ್ದೀರಿ ಅಂತ ಲೆಕ್ಕ. ಮೇಲಿದ್ರೆ ಆಶೀರ್ವಾದ."

"ಎಡಗೈಯಾದ್ರೆ?"

"ಅದು ಬಸ್ಸಿಗೆ ಕೈ ಹಿಡಿದ ಹಾಗೆ."

ದಶಕದ ನಡುವಿನಲ್ಲಿ ಆ ಕಟ್ಟಡದ ಮೇಲ್ ರೂಮ್ ಮುಚ್ಚಿತು. ಸಿಡ್ನಿಯ ರೆಂಟ್ ಕಟ್ಟುವುದಕ್ಕಿಂತ ಮೆಲ್ಬರ್ನ್‌ನಲ್ಲಿ ಮಾರ್ಟ್‌ಗೇಜ್ ಕಟ್ಟುವುದು ಮೇಲು ಎಂದು ಬಾಯಮ್ಮ ತೀರ್ಮಾನಿಸಿದರು. ಟ್ರುಗನಿನಾದಲ್ಲಿ ಆಗ ತಾನೇ ಮನೆಗಳು ಏಳುತ್ತಿದ್ದವು; ಅವರ ಬೀದಿ ಮುಗಿಯುವಲ್ಲಿ ಹುಲ್ಲಿನ ಬಯಲು, ಅದರಾಚೆ ಗೋದಾಮುಗಳು. ಅಂಥ ಒಂದು ಗೋದಾಮಿನಲ್ಲಿ ಪೊರ್ಬುಗಳಿಗೆ ಕೆಲಸ ಸಿಕ್ಕಿತು. ಸೂಪರ್ ಮಾರ್ಕೆಟ್ಟುಗಳಿಗೆ ಹೋಗುವ ಡಬ್ಬಿಗಳ ಪೆಟ್ಟಿಗೆಗಳನ್ನು ಕಪಾಟಿನಿಂದ ಇಳಿಸಿ ಗಾಡಿಗೆ ಜೋಡಿಸುವುದು. ಸ್ವಲ್ಪ ಸಮಯದ ನಂತರ ನಾವೂ ಹೆಂಡತಿಯ ಕೆಲಸದ ದೆಸೆಯಿಂದ ಮೆಲ್ಬರ್ನ್‌ಗೆ ಬಂದು ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿದೆವು. ಅವರು ಪಶ್ಚಿಮದ ತುದಿ, ನಾವು ಉತ್ತರದ ತುದಿ. ಆದರೂ ಭಾನುವಾರದ ಊಟಕ್ಕೆ ಕರೆ ಬರುತ್ತಿತ್ತು. ಬಾಯಮ್ಮ ಮಾಡುವ 'ಸಣ್ಣ' ಎಂಬ, ಹಬೆಯಲ್ಲಿ ಉಬ್ಬಿದ ಆ ಬಿಳಿ ಕಡುಬಿನೆದುರು, ರಿಂಗ್ ರೋಡಿನ ಟ್ರಾಫಿಕ್ ದೊಡ್ಡದಲ್ಲ.

ಪೊರ್ಬುಗಳ ಕೈಗೆ ಪೆಟ್ಟಾದದ್ದು ಆ ಗೋದಾಮಿನಲ್ಲಿ. ಮೇಲಿನ ಕಪಾಟಿನಿಂದ ಬೀಟ್‌ರೂಟ್ ಡಬ್ಬಿಗಳ ಪೆಟ್ಟಿಗೆಯೊಂದು ಜಾರಿತು. ಬೀಳುವುದನ್ನು ಹಿಡಿಯಬೇಡಿ, ದೂರ ಸರಿಯಿರಿ ಎಂದು ಕೆಲಸಕ್ಕೆ ಸೇರಿದ ದಿನವೇ ವಿಡಿಯೋ ತೋರಿಸಿದ್ದರು. ಪೊರ್ಬುಗಳು ಬಲಗೈ ಚಾಚಿ ಹಿಡಿದರು. ಪೆಟ್ಟಿಗೆ ಕೈಯನ್ನೂ ಎಳೆದುಕೊಂಡು ನೆಲಕ್ಕೆ ಬಂತು.

"ವಿಡಿಯೋದಲ್ಲಿ ಬಿಡಿ ಅಂದಿದ್ರಲ್ಲ?" ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಬೀಳುವುದಕ್ಕೆ ಕೈ ಕೊಡದೆ ನಿಂತು ನೋಡುವವ ಎಂತ ಮನುಷ್ಯ ಮಾರಾಯ್ರೆ?" ಎಂದರು. ಅಂದಿನಿಂದ ಬೀಟ್‌ರೂಟ್ ಅವರ ವೈರಿ. ಈ ದೇಶದಲ್ಲಿ ಬರ್ಗರಿನೊಳಗೂ ಅದನ್ನು ಇಡುತ್ತಾರೆ. ಅವರು ಆ ಕೆಂಪು ಬಿಲ್ಲೆಯನ್ನು ಹೊರಗೆಳೆದು ತಟ್ಟೆಯ ಅಂಚಿಗೆ ಸರಿಸಿ, ಪಕ್ಕದವರಿಗೆ ಪರಿಚಯ ಮಾಡಿಸುತ್ತಿದ್ದರು: "ನನ್ನ ಕೈ ತೆಗೆದದ್ದು ಇದೇ."

ಪೆಟ್ಟಾದ ಕ್ಷಣದಲ್ಲಿ ನಡೆದ ಮಾತುಕತೆಯನ್ನು ನಾನು ಪೊರ್ಬುಗಳ ಬಾಯಿಂದ ಹಲವು ಸಲ ಕೇಳಿದ್ದೇನೆ. ಅದು ಯಾವತ್ತೂ ಬದಲಾಗಲಿಲ್ಲ, ಆದ್ದರಿಂದ ನಂಬುತ್ತೇನೆ. ಫೋರ್‌ಮನ್ ಓಡಿ ಬಂದು, "ಯು ರೈಟ್, ಮೇಟ್?" ಎಂದ. ಇಲ್ಲಿ ಅದರ ಅರ್ಥ, ಸರಿ ಇದ್ದೀಯಾ ಎಂದು. ಪೊರ್ಬುಗಳು ಅದನ್ನು ಎಡವೋ ಬಲವೋ ಎಂಬ ಪ್ರಶ್ನೆಯೆಂದು ತಿಳಿದರು.

"ಯೆಸ್," ಎಂದರು ಹಲ್ಲು ಕಚ್ಚಿಕೊಂಡು. "ರೈಟ್ ಹ್ಯಾಂಡ್."

ಫೋರ್‌ಮನ್ ಅದನ್ನೇ ಬರೆದುಕೊಂಡ. ಬಲ ಹಸ್ತಕ್ಕೆ ಪೆಟ್ಟು. ಸಂಜೆ ಕ್ಲಿನಿಕ್ಕಿನಲ್ಲಿ ತುಂಬಾ ಜನ. ಡಾಕ್ಟರು ಏನಾಯಿತೆಂದು ಕೇಳಿದರು; ಇವರು "ಪೇನ್ ಇನ್ ರೈಟ್ ಹ್ಯಾಂಡ್" ಎಂದರು. ಮಣಿಕಟ್ಟು ಊದಿಕೊಂಡೂ ಇತ್ತು. ಡಾಕ್ಟರು ಊದಿದ್ದನ್ನು ನೋಡಿ, ಅದಕ್ಕೆ ಪಟ್ಟಿ ಸುತ್ತಿ, ಸರ್ಟಿಫಿಕೇಟಿನಲ್ಲಿ ಹ್ಯಾಂಡ್ ಎಂದೇ ಬರೆದರು. ಮರುದಿನ ಕೆಲಸದ ಜಾಗದವರು ಪರಿಹಾರದ ಅರ್ಜಿಯ ಫಾರ್ಮ್ ಕೊಟ್ಟರು.

"ಕಾಂಪೋಗೆ ಹಾಕು ಅಂತಾರೆ ಎಲ್ರೂ," ಎಂದು ಪೊರ್ಬುಗಳು ಆ ರಾತ್ರಿ ನನಗೆ ಫೋನಿನಲ್ಲಿ ಹೇಳಿದರು. "ನಾನು ಕಾಂಪೋಸ್ಟ್ ಅಂದುಕೊಂಡೆ. ಪೆಟ್ಟಾದವನನ್ನು ಗೊಬ್ಬರಕ್ಕೆ ಹಾಕ್ತಾರಾ ಅಂತ ಹೆದರಿಕೆ ಆಯ್ತು."

ಕೆಲಸದಲ್ಲಿ ಗಾಯವಾದವರಿಗೆ ವಿಮೆಯ ಕಂಪನಿ ಕೊಡುವ ಕಾಂಪೆನ್ಸೇಶನ್ನಿಗೆ ಇಲ್ಲಿನವರು ಪ್ರೀತಿಯಿಂದಲೋ ವ್ಯಂಗ್ಯದಿಂದಲೋ ಇಟ್ಟ ಹೆಸರು ಕಾಂಪೋ. ಫಾರ್ಮ್ ತುಂಬಲು ನಾನು ಬರಲೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. "ಸಾಹೇಬನ ಕಾಗದ ತಿದ್ದಿದವ ನಾನು. ಇದು ಎಂತದು, ಎರಡು ಪುಟ." ಎಡಗೈಯಲ್ಲಿ, ಒಂದೊಂದೇ ಅಕ್ಷರ ಕೂರಿಸಿ, ಅವರೇ ತುಂಬಿದರು. ದೇಹದ ಯಾವ ಭಾಗ ಎಂಬಲ್ಲಿ ರೈಟ್ ಹ್ಯಾಂಡ್. ಪೆಟ್ಟು ದೇವರು ಕೊಡುವುದು, ಫಾರ್ಮ್ ಮನುಷ್ಯ ಕೊಡುವುದು ಎಂಬುದು ಆ ಕಾಲದಲ್ಲಿ ಹುಟ್ಟಿದ ಅವರ ಗಾದೆ.

ಮಣಿಕಟ್ಟಿನ ಊತ ಬೇಗ ಇಳಿಯಿತು. ಕೈ ಮಾತ್ರ ಏಳಲಿಲ್ಲ. ಎದೆಯ ಮಟ್ಟ ದಾಟಿದರೆ ನೋವು. ತಲೆ ಬಾಚುವುದಕ್ಕೆ ಬಾಯಮ್ಮ ಬೇಕಾಯಿತು. ಕುವೈತ್ ಎಡಕ್ಕೆ ಬಂತು. ಇನ್ನೊಬ್ಬ ಡಾಕ್ಟರು ಸ್ಕ್ಯಾನ್ ಮಾಡಿಸಿ, ಭುಜದೊಳಗಿನ ಸ್ನಾಯುವಿನ ಎಳೆ ಹರಿದಿದೆ, ಆಪರೇಶನ್ ಆಗಬೇಕು, ತಡವಾದಷ್ಟೂ ಕಷ್ಟ ಎಂದರು. ವಿಮೆಯವರಿಗೆ ಬರೆದರು. ವಿಮೆಯವರು ಉತ್ತರಿಸಿದರು: ಅರ್ಜಿಯಲ್ಲಿರುವುದು ಹಸ್ತದ ಗಾಯ, ಅದು ವಾಸಿಯಾಗಿದೆ. ಭುಜದ ತೊಂದರೆಯ ಬಗ್ಗೆ ಆಗ ಯಾರೂ ಹೇಳಿಲ್ಲ, ಅದು ವಯಸ್ಸಿನಿಂದ ಬಂದದ್ದಿರಬೇಕು. ಆಪರೇಶನ್ ನಮ್ಮ ಹೊಣೆಯಲ್ಲ.

ಆ ಹೊತ್ತಿಗೆ ಅವರ ಒಬ್ಬಳೇ ಮಗಳ ಮದುವೆ ನಿಶ್ಚಯವಾಗಿತ್ತು. ಹುಡುಗ ಸಿಡ್ನಿಯವನು, ಮದುವೆಯೂ ಅಲ್ಲೇ, ಮುಂದಿನ ವರ್ಷ. ಹುಡುಗಿಯ ಅಪ್ಪನೇ ಟೋಸ್ಟ್ ಎತ್ತುವ ಕ್ರಮ ನಮ್ಮಲ್ಲಿಲ್ಲ ಎಂದು ಬಾಯಮ್ಮ ಮೊದಲೇ ತಗಾದೆ ತೆಗೆದಿದ್ದರು. "ಕ್ರಮ ಗೊತ್ತಿರುವವರೆಲ್ಲ ಊರಲ್ಲಿದ್ದಾರೆ. ಇಲ್ಲಿ ಇರುವುದು ನಾನೊಬ್ಬ" ಎಂದು ಪೊರ್ಬುಗಳು ಆ ವಾದವನ್ನು ಗೆದ್ದಾಗಿತ್ತು. ಈಗ ಎತ್ತಲು ಕೈಯೇ ಇಲ್ಲ.

ವಿಮೆಯವರ ಪತ್ರ ಬಂದ ವಾರದ ಭಾನುವಾರ ನಾನು ಅವರ ಅಡುಗೆಮನೆಯಲ್ಲಿದ್ದೆ. ಮಗಳು ಪತ್ರವನ್ನು ಗಟ್ಟಿಯಾಗಿ ಓದಿದಳು. ಮನೆಮಾತಾದ ಕೊಂಕಣಿ ಅವಳಿಗೆ ಪೂರಾ ಅರ್ಥವಾಗುತ್ತದೆ. ಉತ್ತರ ಬರುವುದು ಇಂಗ್ಲಿಷಿನಲ್ಲಿ. ನನ್ನ ಮರ್ಯಾದೆಗೆಂದು ಪೊರ್ಬುಗಳು ಕನ್ನಡಕ್ಕೆ ಹೊರಳುತ್ತಿದ್ದರು.

"ಡ್ಯಾಡ್, ವೈ ಡಿಡ್ ಯು ಪುಟ್ ಹ್ಯಾಂಡ್ ಆನ್ ದ ಫಾರ್ಮ್?"

"ಪೆಟ್ಟಾದದ್ದು ಹ್ಯಾಂಡಿಗೆ. ಮತ್ತೆ ಎಂತ ಕಾಲು ಅಂತ ಬರೀಲಿಕ್ಕಾ?"

"ದಟ್ಸ್ ನಾಟ್ ಯುವರ್ ಹ್ಯಾಂಡ್. ದಟ್ಸ್ ಯುವರ್ ಆರ್ಮ್. ಶೋಲ್ಡರ್."

"ಆರ್ಮ್ ಅಂದ್ರೆ ಕೋವಿ. ಆರ್ಮ್ಡ್ ಪೊಲೀಸ್ ಅಂತ ಕೇಳಿಲ್ವಾ ನೀನು?"

ಅವಳು ಪತ್ರವನ್ನು ಮೇಜಿನ ಮೇಲಿಟ್ಟು, ಅಪ್ಪನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದಳು. "ಹ್ಯಾಂಡ್ ಸ್ಟಾಪ್ಸ್ ಹಿಯರ್."

ಪೊರ್ಬುಗಳು ಮಣಿಕಟ್ಟನ್ನು ನೋಡಿದರು. ಆಮೇಲೆ ನನ್ನನ್ನು. "ಹೌದಾ ಪೇಪರಿನವರೇ? ಕೈ ಅಲ್ಲಿಗೆ ನಿಲ್ತದಾ?"

ಬಾಯಮ್ಮ ಒಲೆಯ ಬಳಿಯಿಂದಲೇ ಹೇಳಿದರು: "ಅಲ್ಲಿಗೆ ನಿಲ್ಲುವುದಾದ್ರೆ ನಾನು ಇಷ್ಟು ದಿನ ಎಣ್ಣೆ ತಿಕ್ಕಿದ್ದು ಯಾರ ಕೈಗೆ?"

ನಾವೆಲ್ಲ ನಕ್ಕೆವು. ಆದರೆ ಆಗಲೇ ವಿಷಯ ಸ್ಪಷ್ಟವಾಗಿತ್ತು. ಕನ್ನಡದಲ್ಲಿ ಕೈ ಭುಜದಿಂದ ಶುರುವಾಗಿ ಬೆರಳ ತುದಿಯವರೆಗೆ ಹೋಗುತ್ತದೆ. ತುಳುವಿನಲ್ಲೂ ಕೈ ಅಷ್ಟೇ ಉದ್ದ. ಕೊಂಕಣಿಯಲ್ಲಿ ಅದು ಹಾತ್, ಅಳತೆ ಅದೇ. ತೋಳು ಎಂಬ ಶಬ್ದ ನಮ್ಮಲ್ಲಿಲ್ಲವೆಂದಲ್ಲ. ಅದು ಹೆಚ್ಚಾಗಿ ಇರುವುದು ಪದ್ಯದಲ್ಲಿ ಮತ್ತು ಅಂಗಿಯಲ್ಲಿ. ಮನೆಯಲ್ಲಿ ನೋವಾಗುವುದು ಕೈಗೆ. ಪೊರ್ಬುಗಳು ಮೂರು ಭಾಷೆಗಳ ಕೈಯನ್ನು ಒಟ್ಟಿಗೆ ಇಂಗ್ಲಿಷಿಗೆ ಇಳಿಸಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಅಷ್ಟು ಜಾಗವಿರಲಿಲ್ಲ.

ತಕರಾರು ಸಲ್ಲಿಸಿದರು. ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ರಾಜಿಯ ವ್ಯವಸ್ಥೆ ಇಲ್ಲಿದೆ. ಅದರ ದಿನಾಂಕಕ್ಕೆ ಕಾಯುತ್ತಿದ್ದಾಗ ನಡೆದ ಒಂದು ಸಂಗತಿ ಹೇಳಬೇಕು. ಅವರ ಬೀದಿಯಲ್ಲಿ ಎರಡು ಬೆಳಿಗ್ಗೆ ಒಂದೇ ಕಾರು ನಿಂತಿತ್ತು, ಒಳಗೆ ಒಬ್ಬ ಸುಮ್ಮನೆ ಕೂತಿದ್ದ. ಅರ್ಜಿ ಹಾಕಿದವರು ಮನೆಯಲ್ಲಿ ಭಾರ ಎತ್ತುತ್ತಾರೆಯೇ ಎಂದು ವಿಮೆಯವರು ಗುಟ್ಟಾಗಿ ಚಿತ್ರ ತೆಗೆಸುವುದುಂಟು ಎಂದು ಎಲ್ಲರೂ ಹೇಳುತ್ತಿದ್ದರು. ಪೊರ್ಬುಗಳಿಗೆ ಅದು ಹೊಳೆಯಲಿಲ್ಲ. ಅವನಿಗೆ ಯಾರೋ ಹೊಸ ಮನೆಯ ಬೀಗದ ಕೈ ಕೊಡದೆ ಕಾಯಿಸುತ್ತಿದ್ದಾರೆ ಎಂದುಕೊಂಡು ಚಹಾ ಒಯ್ದರು. ಕಾರಿನ ಕಿಟಕಿಯೊಳಗೆ ಲೋಟ ಚಾಚಿ, ಕ್ಷಮೆ ಕೇಳಿದರು: "ಸಾರಿ ಫಾರ್ ಲೆಫ್ಟ್ ಹ್ಯಾಂಡ್." ಎಡಗೈಯಲ್ಲಿ ಕೊಡುವುದು ನಮ್ಮಲ್ಲಿ ಅವಮರ್ಯಾದೆ, ಬಲಗೈ ಏಳುವುದಿಲ್ಲ, ಕಾರಣ ಬೀಟ್‌ರೂಟ್ ಎಂದು ಎಲ್ಲವನ್ನೂ ವಿವರಿಸಿದರು. ಅವನು ಚಹಾ ಕುಡಿದು, ಲೋಟ ಹಿಂತಿರುಗಿಸಿ ಹೊರಟುಹೋದ.

"ಪೊರ್ಬುಲೇ, ಅವನು ನಿಮ್ಮನ್ನು ನೋಡ್ಲಿಕ್ಕೆ ಬಂದವನಿರಬೇಕು" ಎಂದೆ.

"ನೋಡ್ಲಿ. ನಾನೇ ಹತ್ರ ಹೋಗಿ ತೋರಿಸಿದೆ ಅಲ್ವಾ?"

ಅವನು ನಿಜಕ್ಕೂ ಯಾರೆಂದು ನಮಗೆ ತಿಳಿಯಲಿಲ್ಲ. ಡೆಸ್ಕಿನ ಹಳೆಯ ಅಭ್ಯಾಸದಂತೆ, ತಿಳಿಯದ್ದನ್ನು ತಿಳಿಯದೆಂದೇ ಬರೆಯುತ್ತೇನೆ. ಯಾವ ಚಿತ್ರವನ್ನೂ ಯಾರೂ ಮುಂದೆ ತೋರಿಸಲಿಲ್ಲ ಎಂಬುದಷ್ಟು ನಿಜ.

ರಾಜಿಯ ದಿನ ನಾನು ಜೊತೆಗಾರನಾಗಿ ಹೋದೆ. ಸ್ಟೇಶನ್ನಿನಲ್ಲಿ ಪೊರ್ಬುಗಳು ಕೋಟು, ಟೈ, ಹೊಳೆಯುವ ಬೂಟುಗಳೊಂದಿಗೆ ಇಳಿದರು. ಬಲಗೈ ಕೋಟಿನೊಳಗೆ ಹೋಗದೆ, ಆ ಬದಿಯ ತೋಳು ಖಾಲಿಯಾಗಿ ನೇತಾಡುತ್ತಿತ್ತು.

"ಸೂಟ್ ಬೇಡ ಅಂದಿದ್ದೆನಲ್ಲ? ಸುಖವಾಗಿದ್ದೀರಿ ಅಂತ ಕಾಣ್ತದೆ."

"ನಾನು ಹಕ್ಕು ಕೇಳ್ಲಿಕ್ಕೆ ಹೋಗುದು ಮಾರಾಯ್ರೆ, ಭಿಕ್ಷೆಗಲ್ಲ. ಭಿಕ್ಷೆಗಾದ್ರೆ ಹರಿದ ಅಂಗಿ ಇದೆ ಮನೆಯಲ್ಲಿ."

ಸಣ್ಣ ಕೋಣೆ. ಮಧ್ಯಸ್ಥಿಕೆಗೆ ಒಬ್ಬ ನಡುವಯಸ್ಸಿನ ಮಹಿಳೆ. ವಿಮೆಯ ಪರವಾಗಿ ಒಬ್ಬ ತರುಣ. ಒರಟನಲ್ಲ, ತನ್ನ ಕಾಗದಗಳನ್ನು ಚೆನ್ನಾಗಿ ಓದಿಕೊಂಡು ಬಂದವನು. ಅವನು ತನ್ನ ಮಾತನ್ನು ಚುಟುಕಾಗಿ ಹೇಳಿದ: ಗೋದಾಮಿನ ದಾಖಲೆ ಹ್ಯಾಂಡ್, ಡಾಕ್ಟರ ಸರ್ಟಿಫಿಕೇಟ್ ಹ್ಯಾಂಡ್, ಅರ್ಜಿ ಹ್ಯಾಂಡ್. ಭುಜ ಎಲ್ಲಿಂದ ಬಂತು?

ಪೊರ್ಬುಗಳು, "ಮೇಡಂ, ಇನ್ ಮೈ ಪ್ಲೇಸ್ ಹ್ಯಾಂಡ್ ಕಮ್ಸ್ ಅಪ್ ಟು ಹಿಯರ್" ಎಂದು ಎಡಗೈಯಿಂದ ಬಲ ಭುಜ ಮುಟ್ಟಿಕೊಂಡರು. ಆಕೆಗೆ ಅರ್ಥವಾಗಲಿಲ್ಲ. ನಾನು ಕೈಯ ವಿಷಯ ವಿವರಿಸಿದೆ. ಆಕೆ ಕೇಳಿಸಿಕೊಂಡು, ನಾನು ಅವರ ಸ್ನೇಹಿತನಾದ್ದರಿಂದ ನನ್ನ ಮಾತನ್ನಷ್ಟೇ ನೆಚ್ಚಲಾರೆ, ಫೋನಿನಲ್ಲಿ ಕನ್ನಡದ ಇಂಟರ್ಪ್ರಿಟರ್ ಒಬ್ಬರನ್ನು ಕರೆಯುತ್ತೇನೆ ಎಂದರು. ಪೊರ್ಬುಗಳ ಮುಖ ಕೆಂಪಾಯಿತು. ತನಗೆ ಇಂಟರ್ಪ್ರಿಟರ್ ಬೇಕಿಲ್ಲ, ತನ್ನ ಇಂಗ್ಲಿಷ್ ಚೆನ್ನಾಗಿದೆ ಎಂದರು.

"ನಿಮಗಲ್ಲ, ನನಗೆ ಬೇಕು" ಎಂದರು ಆಕೆ.

ಪೊರ್ಬುಗಳು ಒಪ್ಪಿದರು. ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ ಬಂತು. ಬೆಂಗಳೂರಿನ ಕಡೆಯವರೆಂದು ನಮಸ್ಕಾರದಲ್ಲೇ ಗೊತ್ತಾಯಿತು. ಮುಂದಿನ ಪ್ರಶ್ನೋತ್ತರ ಇಂಗ್ಲಿಷಿನಲ್ಲಿ ನಡೆಯಿತು. ಅದರ ಸಾರವನ್ನು ಕನ್ನಡದಲ್ಲಿ ಕೊಡುತ್ತೇನೆ.

"ಕನ್ನಡದಲ್ಲಿ ಹ್ಯಾಂಡ್‌ಗೆ ಏನನ್ನುತ್ತಾರೆ?"

"ಕೈ."

"ಆರ್ಮ್‌ಗೆ?"

"ಕೈ."

"ಎರಡಕ್ಕೂ ಒಂದೇ ಶಬ್ದವೆ?"

"ಬೇರೆ ಶಬ್ದಗಳಿವೆ. ಪುಸ್ತಕದಲ್ಲಿ ಸಿಗುತ್ತವೆ. ಮನೆಯಲ್ಲಿ ಮಾತಾಡುವಾಗ ಕೈ."

"ಹಾಗಾದರೆ ಯಾವ ಭಾಗವೆಂದು ಎದುರಿನವರಿಗೆ ಹೇಗೆ ತಿಳಿಯುತ್ತದೆ?"

ಆ ಹೆಂಗಸು ಬಹುಶಃ ಜೀವನದಲ್ಲಿ ಮೊದಲ ಸಲ ಈ ಬಗ್ಗೆ ಯೋಚಿಸುತ್ತಿದ್ದರು. "ಮುಟ್ಟಿ ತೋರಿಸುತ್ತೇವೆ" ಎಂದರು.

ಮಧ್ಯಸ್ಥಿಕೆಯ ಮಹಿಳೆ ತಲೆಯೆತ್ತಿ ನೋಡಿದರು. ಪೊರ್ಬುಗಳ ಎಡಗೈ ಇನ್ನೂ ಬಲ ಭುಜದ ಮೇಲೇ ಇತ್ತು. ಅದು ಬೆಳಗಿನಿಂದ ಅಲ್ಲೇ ಇತ್ತು. ಕ್ಲಿನಿಕ್ಕಿನಲ್ಲೂ ಅಲ್ಲೇ ಇದ್ದಿರಬೇಕು.

ಆಗ ಮಾತಾಡಿದವನು ವಿಮೆಯ ತರುಣ. ಕಾಗದಗಳನ್ನು ಮುಚ್ಚಿ, ಸ್ವಲ್ಪ ಸಂಕೋಚದಿಂದ, ತನ್ನ ಅಜ್ಜಿ ಗ್ರೀಕಳು ಎಂದ. ಅವಳ ಭಾಷೆಯಲ್ಲೂ ಒಂದೇ ಶಬ್ದವಂತೆ. ಚಿಕ್ಕವನಾಗಿದ್ದಾಗ ಅವಳು ಕೈ ತೊಳೆದು ಬಾ ಎಂದಾಗಲೆಲ್ಲ, ಎಲ್ಲಿಯವರೆಗೆ ಎಂದು ಕೇಳಿ ಬೈಸಿಕೊಳ್ಳುತ್ತಿದ್ದನಂತೆ.

ಪೊರ್ಬುಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಯುವರ್ ಗ್ರ್ಯಾಂಡ್‌ಮದರ್ ಈಸ್ ಎ ಕರೆಕ್ಟ್ ಲೇಡಿ" ಎಂದರು.

ಸ್ಪೀಕರಿನಲ್ಲೂ ಒಂದು ನಗು ಕೇಳಿಸಿತು. ಅಂದು ಯಾರೂ ಸೋತೆವೆನ್ನಲಿಲ್ಲ. ಬೇರೊಬ್ಬ ತಜ್ಞ ಡಾಕ್ಟರಿಂದ, ಭುಜವನ್ನೂ ಸೇರಿಸಿ, ಹೊಸದಾಗಿ ತಪಾಸಣೆ ಮಾಡಿಸುವುದೆಂದು ಒಪ್ಪಂದವಾಯಿತು. ಆ ತಜ್ಞರು, ಮೇಲಿನಿಂದ ಬೀಳುವ ಭಾರವನ್ನು ಚಾಚಿದ ಕೈಯಲ್ಲಿ ಹಿಡಿದರೆ ಹರಿಯುವುದು ಇದೇ ಎಳೆ ಎಂದು ಬರೆದರು. ವಿಮೆಯವರು ಒಪ್ಪಿಕೊಂಡರು. ಆಪರೇಶನ್ ಆಯಿತು.

ಅದಾದ ಮೇಲೆ ಕೈಯನ್ನು ಎದೆಗೆ ಕಟ್ಟಿ ಹಾಕಿದರು. ಬಾಯಮ್ಮನ ಪ್ರಯೋಗ ನಡೆದದ್ದು ಆಗ. ಮಾತು ನಿಲ್ಲಲಿಲ್ಲ, ಹುಬ್ಬುಗಳು ಕೈಗಳ ಕೆಲಸ ವಹಿಸಿಕೊಂಡವು. ಕಟ್ಟು ಬಿಚ್ಚಿದ ಮೇಲೆ ಫಿಸಿಯೋಥೆರಪಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಬೇಕು. ಅಡುಗೆಮನೆಯ ಗೋಡೆಯಲ್ಲಿ ಪೆನ್ಸಿಲಿನ ಗೆರೆಗಳು ಎದ್ದವು, ಮಕ್ಕಳ ಎತ್ತರ ಗುರುತು ಮಾಡಿದ ಹಾಗೆ. ಭಾನುವಾರ ಹೋದವರೆಲ್ಲ ಮೊದಲು ಗೋಡೆ ನೋಡಬೇಕಿತ್ತು.

"ಹೋದ ವಾರಕ್ಕಿಂತ ಮೇಲೆ ಬಂದಿದೆ, ಕಾಣ್ತದಾ?"

"ಗೆರೆ ಮೇಲೆ ಬಂದಿದೆ. ಇವರು ತುದಿಗಾಲಲ್ಲಿ ನಿಂತು ಎಳೆದದ್ದು" ಎಂದು ಬಾಯಮ್ಮ ಅಲ್ಲೇ ಸುದ್ದಿಗೆ ತಿದ್ದುಪಡಿ ಹಾಕುತ್ತಿದ್ದರು.

ಗೆರೆಗಳು ಒಂದು ಹಂತಕ್ಕೆ ಬಂದು ನಿಂತುಬಿಟ್ಟವು. ಆಪರೇಶನ್ ತಡವಾದದ್ದರಿಂದ ಅಷ್ಟಾದದ್ದೇ ಹೆಚ್ಚು, ಇನ್ನು ಮೇಲಕ್ಕೆ ಹೋಗುವುದು ಕಷ್ಟ ಎಂದು ಫಿಸಿಯೋ ಹೇಳಿದ್ದನ್ನು ಮಗಳು ನನಗೆ ತಿಳಿಸಿದಳು. ನೋವು ಹೋಗಿತ್ತು. ತಲೆಯನ್ನು ತಾವೇ ಬಾಚಿಕೊಳ್ಳುತ್ತಿದ್ದರು. ಕುವೈತ್ ಬಲಕ್ಕೆ ಮರಳಿತ್ತು. ಆದರೆ ಮೊಣಕೈ ಗದ್ದದ ಮಟ್ಟದಲ್ಲಿ ನಿಲ್ಲುತ್ತಿತ್ತು. ಕಿವಿ ಅಲ್ಲಿಂದ ಮೇಲೆ. ಟೋಸ್ಟನ್ನು ಹುಡುಗನ ದೊಡ್ಡಪ್ಪ ಎತ್ತಲಿ ಎಂದು ಬಾಯಮ್ಮ ಸೂಚಿಸಿದರು. ಪೊರ್ಬುಗಳು, "ನೋಡುವ" ಎಂದಷ್ಟೇ ಹೇಳಿದರು. ವಾದ ಮಾಡದ ಪೊರ್ಬುಗಳನ್ನು ಬಾಯಮ್ಮ ಅದೇ ಮೊದಲು ಕಂಡದ್ದಂತೆ.

ಮದುವೆಯ ಊಟ ನಾರ್ವೆಸ್ಟ್‌ನ ಹೋಟೆಲೊಂದರಲ್ಲಿ, ಹಳೆಯ ಮೇಲ್ ರೂಮಿನಿಂದ ಕೂಗಳತೆಯಲ್ಲಿ. ದೊಡ್ಡಪ್ಪನವರು ಎದ್ದು ಟೈ ಸರಿಮಾಡಿಕೊಳ್ಳುತ್ತಿದ್ದಾಗ ಪೊರ್ಬುಗಳು ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ನಗುತ್ತಾ ಕೂತರು. ಪೊರ್ಬುಗಳು ಮೈಕನ್ನು ಪಕ್ಕಕ್ಕಿಟ್ಟು ಮಾತಾಡಿದರು. ಮಗಳನ್ನು ಹೊಗಳಿದರು, ಅವಳು ಕೊಂಕಣಿಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಗಂಡನ ಮೌನಕ್ಕೂ ಹಾಗೆಯೇ ಉತ್ತರಿಸುತ್ತಾಳೆ, ಹುಷಾರು ಎಂದು ಅಳಿಯನನ್ನು ಎಚ್ಚರಿಸಿದರು. ಮಗಳ ಕಡೆ ತಿರುಗಿ, ಆ ಹುಡುಗ ಈಗ ನಿನ್ನ ಕೈ ಹಿಡಿದಿದ್ದಾನೆ, ಕೈ ಎಲ್ಲಿಂದ ಎಲ್ಲಿಯವರೆಗೆ ಎಂದು ಅವನಿಗೂ ಹೇಳಿಕೊಡು ಎಂದರು. ಆಮೇಲೆ ಬಲಗೈಯಲ್ಲಿ ಗ್ಲಾಸ್ ತೆಗೆದುಕೊಂಡರು.

ಸಭೆ ಎದ್ದು ನಿಂತಿತು. ಕೈ ಏರಿತು. ಎದೆ ದಾಟಿತು, ಭುಜ ದಾಟಿತು, ಮೊಣಕೈ ಗದ್ದದ ಮಟ್ಟಕ್ಕೆ ಬಂದು ನಿಂತಿತು. ನನ್ನ ಪಕ್ಕದಲ್ಲಿ ಬಾಯಮ್ಮ ಉಸಿರು ಬಿಗಿಹಿಡಿದಿದ್ದರು. ಪೊರ್ಬುಗಳು ಇನ್ನೊಮ್ಮೆ ಪ್ರಯತ್ನಿಸಿದರು. ಗ್ಲಾಸಿನ ವೈನ್ ಅಲ್ಲಾಡಿತು, ಮೊಣಕೈ ಮಾತ್ರ ಕದಲಲಿಲ್ಲ. ಆಗ ಅವರು ನಿಧಾನವಾಗಿ, ಮಹಾ ಗಾಂಭೀರ್ಯದಿಂದ, ತಲೆಯನ್ನು ಬಲಕ್ಕೆ ವಾಲಿಸಿದರು. ಕಿವಿ ಇಳಿಯುತ್ತಾ ಬಂದು ಮೊಣಕೈಯಿಂದ ಕೆಳಗೆ ಹೋಯಿತು.

"ಡ್ಯಾಡ್, ದಟ್ಸ್ ಚೀಟಿಂಗ್" ಎಂದಳು ಮದುಮಗಳು. ಅವಳ ಕಣ್ಣು ತುಂಬಿತ್ತು.

"ಕ್ರಮ ಕ್ರಮವೇ ಮಗಾ" ಎಂದರು ಪೊರ್ಬುಗಳು, ವಾಲಿದ ತಲೆಯಲ್ಲೇ. "ಕೈ ಏರದಿದ್ರೆ ಕಿವಿ ಇಳಿಸಿದ್ರಾಯ್ತು."

ಯಾರೋ ಅದೇ ಹೊತ್ತಿಗೆ ಫೋಟೋ ತೆಗೆದಿದ್ದರು. ಕಳೆದ ವರ್ಷ ಇಗರ್ಜಿಯಲ್ಲಿ ಅವರ ಅಂತ್ಯಕ್ರಿಯೆಗೆ ಬಂದವರಿಗೆ ಹಂಚಿದ ಹಾಳೆಯ ಮುಖಪುಟಕ್ಕೆ ಮಗಳು ಆರಿಸಿದ್ದು ಅದನ್ನೇ. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಗೋದಾಮಿನ ಹಳೆಯ ಫೋರ್‌ಮನ್ ಚಿತ್ರವನ್ನು ಬಹಳ ಹೊತ್ತು ನೋಡಿ, ಇವರು ಏನು ಮಾಡುತ್ತಿದ್ದಾರೆ ಎಂದು ಮೆಲ್ಲಗೆ ಕೇಳಿದ. ಗೊತ್ತಿಲ್ಲದವರಿಗೆ ಅದು ಒಬ್ಬ ಮನುಷ್ಯ ಗ್ಲಾಸ್ ಎತ್ತಿ ಹಿಡಿದು, ತನ್ನ ಕೈ ಏನೋ ಹೇಳುತ್ತಿರುವುದನ್ನು ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ವಿವರಿಸಲು ಅದು ಜಾಗವಲ್ಲ. ನಾನು ನನ್ನ ಮೊಣಕೈ ಮುಟ್ಟಿ, ಆಮೇಲೆ ಕಿವಿ ಮುಟ್ಟಿ ತೋರಿಸಿದೆ.